ಐವತ್ತೇಳನೆಯ ಮನೆ

ನಮ್ಮ ತಾಲೂಕಿನಲ್ಲಿ ಇರುವುದು ಐವತ್ತೇಳು ಮನೆ. ಒಂದು ಮನೆಯ ಒಲೆಯ ಹೊಗೆ ಇನ್ನೊಂದು ಮನೆಯವರಿಗೆ ಕಾಣದಷ್ಟು ದೂರ ದೂರ. ನಡುವೆ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಜಾಲಿಮರ, ಕುರಿಗಳು ತುಳಿದು ಮಾಡಿದ ದಾರಿ. ಊರು ಅಂತ ಕರೆಯುವ ಕಡೆ ಒಂದು ಆಫೀಸು, ಒಂದು ಶಾಲೆ, ಒಂದು ಟೀ ಅಂಗಡಿ, ಬಸ್ಸು ನಿಲ್ಲುವಲ್ಲಿ ಒಂದು ಕಲ್ಲು. ಆ ಆಫೀಸಿನಲ್ಲಿ ಸಾವಿನ ಪುಸ್ತಕ ನೋಡಿಕೊಳ್ಳುವವಳು ನಾನು. ಹೆಸರು ಪಾಲಮ್ಮ, ಎಲ್ಲರೂ ಪಾಲಕ್ಕ ಅನ್ನುತ್ತಾರೆ. ನನಗಿಂತ ಮುಂಚೆ ಈ ಕೆಲಸ ನಮ್ಮಪ್ಪನದಾಗಿತ್ತು.

ನಮ್ಮಲ್ಲಿ ಯಾರೂ ಒಂದೇ ದಿನದಲ್ಲಿ ಸಾಯುವುದಿಲ್ಲ. ಉಸಿರು ನಿಂತ ದಿನವೇ ಮಣ್ಣು ಮಾಡುತ್ತೇವೆ, ಅದೇನೋ ಸರಿ. ಆದರೆ ಸಾವು ಆಗುವುದು ಐವತ್ತೇಳು ಮನೆಗೂ ಸುದ್ದಿ ಮುಟ್ಟಿದ ಮೇಲೆ. ನಾನು ಪುಸ್ತಕವನ್ನು ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ನಡೆದು ಹೋಗಬೇಕು, ಹೊಸ್ತಿಲ ಹೊರಗೆ ನಿಲ್ಲಬೇಕು, ಮನೆಯ ಹಿರಿಯರ ಮುಖ ನೋಡಿ ಇಂಥವರು ತೀರಿಕೊಂಡರು ಅನ್ನಬೇಕು. ಅವರು "ಕೇಳಿದೆ" ಅಂದು ಸತ್ತವರ ಬಗ್ಗೆ ಒಂದೇ ಒಂದು ಮಾತು ಹೇಳುತ್ತಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಐವತ್ತೇಳು ಮಾತು ಆದರೆ ಹಾಳೆ ಮುಗಿಯಿತು, ಆ ಮನುಷ್ಯ ಸತ್ತ ಹಾಗೆ. ಅಲ್ಲಿಯವರೆಗೆ ಹೆಂಡತಿ ಬಳೆ ತೆಗೆಯುವುದಿಲ್ಲ, ಯಾರೂ ಸಮಾಧಾನ ಹೇಳಲು ಬರುವುದಿಲ್ಲ, ರೇಷನ್ ಕಾರ್ಡಿನಿಂದ ಹೆಸರು ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕವರು "ಯಜಮಾನರು ಹೇಗಿದಾರೆ?" ಅಂತ ಕೇಳುತ್ತಾರೆ. ಮನೆಯವರು "ಇದಾರೆ" ಅನ್ನುತ್ತಾರೆ.

ಒಂದು ಸುತ್ತು ಮುಗಿಸಲು ಹದಿನೈದು ಇಪ್ಪತ್ತು ದಿನ ಬೇಕು. ಜನ ಇದಕ್ಕೆ ಹೊಂದಿಕೊಂಡು ಬದುಕಿದ್ದಾರೆ. ಮದುವೆ ಗೊತ್ತಾದ ಮನೆಯಲ್ಲಿ ಅಜ್ಜಿ ಹೋದರೆ, "ಪಾಲಕ್ಕಾ, ಆ ಮೂಲೆಯ ನಾಲ್ಕು ಮನೆ ಮುಂದಿನ ಸೋಮವಾರಕ್ಕೆ ಇಟ್ಕೊ" ಅನ್ನುತ್ತಾರೆ. ಅಜ್ಜಿ ಇನ್ನೂ ಸತ್ತಿಲ್ಲ, ಸೂತಕವಿಲ್ಲ, ತಾಳಿ ಕಟ್ಟುವುದು ನಡೆದುಹೋಗುತ್ತದೆ. ವರ್ಗವಾಗಿ ಬಂದ ಸಾಹೇಬರೊಬ್ಬರು ಫೋನಿನಲ್ಲೇ ಹೇಳಿ ಮುಗಿಸಿ ಅಂದರು. ಮಾಡಿದೆ. ಎತ್ತಿದವರೆಲ್ಲ "ಏನೂ ಕೇಳಿಸ್ತಿಲ್ಲ ಕಣಕ್ಕ, ಸಿಗ್ನಲ್ ಇಲ್ಲ" ಅಂದರು. ಸಾಹೇಬರು ಆಮೇಲೆ ಆ ಮಾತೆತ್ತಲಿಲ್ಲ. ಒಬ್ಬ ಹೆಂಗಸು ಗಂಡ ಹೋದ ದಿನ ನನ್ನ ಚಪ್ಪಲಿ ಬಚ್ಚಿಟ್ಟಳು. ಹುಡುಕುವವಳ ಹಾಗೆ ಮಾಡುತ್ತ ಎರಡು ದಿನ ಅವರ ಮನೆಯಲ್ಲೇ ಇದ್ದೆ. ಮೂರನೆಯ ದಿನ ಅವಳೇ ತಂದು ನನ್ನ ಕಾಲ ಹತ್ತಿರ ಇಟ್ಟಳು.

ಸುದ್ದಿ ಹೇಳುವವರ ಮನೆ ಯಾವತ್ತೂ ಕೊನೆಯದು. ಅಂದರೆ ಐವತ್ತೇಳನೆಯದು ನಮ್ಮ ಮನೆ.

ಹೋದ ವರ್ಷ ಬಿಸಿಲು ಏರುತ್ತಿದ್ದ ತಿಂಗಳಲ್ಲಿ, ಬೆಳಗಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಸೀದಾ ಆಫೀಸಿಗೆ ಬಂದಳು. ನಲವತ್ತೈದು ವಯಸ್ಸಿರಬಹುದು. ಇಸ್ತ್ರಿ ಮಾಡಿದ ಸೀರೆ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಹೆಸರು ವನಜಾಕ್ಷಿ, ರೈಲ್ವೆ ಸ್ಟೇಷನ್ನಿರುವ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಅಂದಳು.

"ಒಬ್ಬರ ಮರಣದ ದಾಖಲೆ ನೋಡ್ಬೇಕಿತ್ತು ಮೇಡಂ. ಎರಡು ತಾಲೂಕು ಹುಡುಕಿ ಬಂದಿದೀನಿ. ಇದೇ ಕೊನೆ."

"ಯಾರದಮ್ಮ?"

"ಮಲ್ಲೂರಯ್ಯ ಅಂತ. ನಮ್ಮಪ್ಪ. ನಲವತ್ತಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಎರಡು ವರ್ಷ."

ಪುಸ್ತಕದ ಬೀರು ನನ್ನ ಬೆನ್ನ ಹಿಂದೆ ಇತ್ತು. ಎದ್ದು ಹೋಗಿ ಆ ವರ್ಷದ ಪುಸ್ತಕ ತೆಗೆದೆ, ಹಾಳೆ ತಿರುವಿದೆ, ಬೆರಳಿಟ್ಟು ಓದುವ ಹಾಗೆ ಮಾಡಿದೆ. ಅದರಲ್ಲಿ ಆ ಹೆಸರಿಲ್ಲ ಅಂತ ನನಗೆ ಗೊತ್ತಿತ್ತು. ಮುಗಿಯದ ಹಾಳೆ ಪುಸ್ತಕಕ್ಕೆ ಸೇರುವುದಿಲ್ಲ. ಅದರ ವಿಷಯ ಹೊರಗಿನವರ ಹತ್ತಿರ ಆಡುವ ಹಾಗೂ ಇಲ್ಲ. ಮಲ್ಲೂರಯ್ಯನ ಹಾಳೆ ನಮ್ಮ ಮನೆಯ ಟ್ರಂಕಿನಲ್ಲಿ, ಅಪ್ಪನ ಪಂಚೆಯ ಕೆಳಗೆ ಇತ್ತು. ಮಲ್ಲೂರಯ್ಯ ನಮ್ಮವ್ವನ ತಮ್ಮ, ನನ್ನ ಸೋದರಮಾವ.

"ಇಲ್ಲಿ ಇಲ್ಲಮ್ಮ," ಅಂದೆ.

ಅವಳು ಮುಂದಕ್ಕೆ ಬಾಗಿ, "ಇಲ್ಲ ಅಂದ್ರೆ... ಬದುಕಿದಾರಾ?" ಅಂದಳು.

"ಅದು ನಾನು ಹೇಳಕ್ಕಾಗಲ್ಲ."

"ಈಗ ಎಪ್ಪತ್ತಮೂರು ಆಗಿರ್ಬೇಕು. ಇರಬಹುದಲ್ವಾ ಮೇಡಂ? ಎಪ್ಪತ್ತಮೂರು ಏನು ದೊಡ್ಡ ವಯಸ್ಸಲ್ಲ."

ಬೈದುಕೊಳ್ಳಬೇಕು ಅಂತಲೇ ಹೊರಟು ಬಂದವಳ ಮುಖ ಅದು, ಬಂದಾಗಲೇ ಗೊತ್ತಾಗಿತ್ತು. ಈಗ ಅದೇ ಮುಖದಲ್ಲಿ ಬೇರೆ ಏನೋ ಬರುತ್ತಿತ್ತು. ಸೆರಗು ಸರಿಮಾಡಿಕೊಂಡಳು, ಇವತ್ತೇ ಯಾರನ್ನೋ ನೋಡಬೇಕಾಗಿ ಬರಬಹುದು ಅನ್ನುವ ಹಾಗೆ. ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ, ಅಳುವವರನ್ನು ಕಂಡಿದ್ದೇನೆ, ಜಗಳಾಡುವವರನ್ನೂ ಕಂಡಿದ್ದೇನೆ. ಹೀಗೆ ಆಸೆ ಹುಟ್ಟಿಸಿ ಕಳಿಸಿದ್ದಿಲ್ಲ.

"ವಾಪಸ್ ಬಸ್ಸು ಸಂಜೆ ಐದಕ್ಕೇ ಇರೋದು. ನಮ್ಮನೆಗೆ ಊಟಕ್ಕೆ ಬನ್ನಿ," ಅಂದೆ.

ದಾರಿಯಲ್ಲಿ ಅವಳೇ ಹೇಳಿಕೊಂಡಳು. ಅವಳ ತಾಯಿ ಸುಗುಣ ಹೋಗಿ ಒಂದೂವರೆ ತಿಂಗಳಾಗಿತ್ತು. ಮಣ್ಣಿಗೆ ಬಂದವರು ಮೂರು ಜನ. ಸಾಯುವ ಎರಡು ದಿನ ಮುಂಚೆ ತಾಯಿ ಈ ಊರಿನ ಕಡೆಯ ಹೆಸರು ಹೇಳಿದ್ದಳಂತೆ. "ಅಕ್ಕನ್ನ ಕೇಳಿ ಬರ್ತೀನಿ ಅಂತ ಹೋದೋರು ಬರಲೇ ಇಲ್ಲ. ಅಕ್ಕ ಇನ್ನೊಂದು ಮದುವೆ ಮಾಡ್ಸಿರ್ಬೇಕು ಅಂತ ನಮ್ಮಮ್ಮ ತಿಳ್ಕೊಂಡಿದ್ರು. ನಾನೂ ಹಂಗೇ ತಿಳ್ಕೊಂಡು ಬೆಳೆದೆ. ಸತ್ತಿದ್ರೆ ಒಂದು ಕಾಗದ ಸಿಗುತ್ತೆ, ಬದುಕಿದ್ರೆ ಒಂದು ಮಾತು ಕೇಳ್ಬೇಕು ಅಂತ ಬಂದೆ." ನಾನು ಮುಂದೆ ನಡೆಯುತ್ತಿದ್ದೆ. ತಿರುಗಿ ನೋಡಲಿಲ್ಲ.

ಅವಳಿಗೆ ಗೊತ್ತಿಲ್ಲದ್ದನ್ನು ಇಲ್ಲಿ ಹೇಳುತ್ತೇನೆ. ನನಗಾಗ ಒಂಬತ್ತು ವರ್ಷ. ಮಾವ ಪೇಟೆಯಲ್ಲಿ ಜಾತಿಯಲ್ಲದ ಹುಡುಗಿಯನ್ನು ಹೇಳದೆ ಕೇಳದೆ ಮದುವೆಯಾಗಿದ್ದ. ಅವ್ವ ಅವನಿಗೆ ತಾಯಿಯ ಹಾಗೆ, ಎತ್ತಿ ಆಡಿಸಿ ಬೆಳೆಸಿದವಳು. ಅವನು ಬಂದು ಮೂರು ದಿನ ನಮ್ಮ ಜಗಲಿಯ ಮೇಲೆ ಕೂತು ಹೋದ. ಆರು ಮೈಲಿ ಆಚೆ ಬಸ್ಸಿನ ದಾರಿಯ ಜಾಲಿಮರದ ಕೆಳಗೆ ಸಿಕ್ಕ. ಬಿಸಿಲು ಹೊಡೆದಿತ್ತು ಅಂದರು. ಕುರಿಯವರು ಅಪ್ಪನನ್ನು ಅಲ್ಲಿಗೇ ಕರೆಸಿಕೊಂಡು ಅಲ್ಲೇ ಮಣ್ಣು ಮಾಡಿದರು. ಅಪ್ಪ ಮನೆಗೆ ಬರದೆ ಹಾಗೇ ಸುತ್ತು ಹೊರಟ. ಹತ್ತೊಂಬತ್ತು ದಿನ ಆದ ಮೇಲೆ ಐವತ್ತಾರು ಮನೆ ಮುಗಿಸಿ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತ. ಅವ್ವ ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ ಹೊತ್ತಾಯ್ತು," ಅಂದಳು. ಅಪ್ಪ ಬಾಯಿ ತೆಗೆದ. "ನಾಳೆ ಹೇಳಿ," ಅಂದಳು. ಮರುದಿನವೂ ಅಷ್ಟೇ. ಒಂದು ವಾರ ಅಪ್ಪ ದಿನಾ ಹೊರಗೆ ಹೋಗಿ ನಿಂತು ದಿನಾ ಒಳಗೆ ಬಂದ. ಆಮೇಲೆ ಹಾಳೆಯನ್ನು ಟ್ರಂಕಿಗೆ ಹಾಕಿದ.

ಹೀಗೆ ಮಾವ ಸಾಯದೆ ಉಳಿದ. ಇಡೀ ತಾಲೂಕು ಅದಕ್ಕೆ ಒಪ್ಪಿಕೊಂಡಿತು. ಬಂದವರು ಅವ್ವನಿಗೆ "ಗಾದ್ರಮ್ಮಾ, ತಮ್ಮ ಹೇಗಿದಾನೆ?" ಅನ್ನುವರು. "ಇದಾನೆ," ಅನ್ನುವಳು. ಮಾವನ ಹೆಸರಿಗೆ ಓಟಿನ ಚೀಟಿ ಬಂದರೆ ಶಾಲೆಯ ಮೇಷ್ಟ್ರು ತಂದು ಅವಳ ಕೈಗೇ ಕೊಡುವರು. ಅಪ್ಪ ಹೋದ ಮೇಲೆ ಪುಸ್ತಕದ ಜೊತೆ ಆ ಹಾಳೆಯೂ ನನಗೆ ಬಂತು. ಹೇಳಬೇಕಾದವಳು ನಾನೇ. ನಾನೂ ಹೇಳಲಿಲ್ಲ. ಒಂದು ಸಲ ಹೊಸ್ತಿಲ ಹೊರಗೆ ಹೋಗಿ ನಿಂತಿದ್ದೆ. ಅವ್ವ ನೋಡಿದಳು. ಆ ನೋಟಕ್ಕೆ ಒಳಗೆ ಬಂದುಬಿಟ್ಟೆ. ಪೇಟೆಯಲ್ಲಿ ಒಬ್ಬ ಹೆಂಡತಿ, ಒಂದು ಮಗು ಕಾಯುತ್ತಿರಬಹುದು ಅನ್ನುವುದು ನನ್ನ ತಲೆಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿತ್ತು. ಅವ್ವ ಕಣ್ಣ ಮುಂದೆ ಇದ್ದಳು, ಅವರು ಇರಲಿಲ್ಲ.

ಮನೆ ತಲುಪಿದಾಗ ಅವ್ವ ಬಾಗಿಲ ಒಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಬತ್ತೆರಡು ವರ್ಷ, ಕಣ್ಣು ಮಂಜು. ಇಬ್ಬರ ಹೆಜ್ಜೆಯ ಸದ್ದು ಕೇಳಿ, "ಯಾರವ್ವ ಜೊತೇಲಿ?" ಅಂದಳು.

"ಪೇಟೆಯಿಂದ ಬಂದಿದಾರೆ. ಊಟಕ್ಕೆ ಕರ್ಕೊಂಡು ಬಂದೆ."

"ಬಾರವ್ವ. ಯಾರ ಮಗಳು ನೀನು?"

ನಮ್ಮಲ್ಲಿ ಎಲ್ಲರನ್ನೂ ಕೇಳುವ ಮಾತು ಅದು. ವನಜಾಕ್ಷಿ ನನ್ನ ಕಡೆ ನೋಡಿದಳು.

"ಮಲ್ಲೂರಯ್ಯನ ಮಗಳು," ಅಂದಳು.

ಅವ್ವನ ಕೈ ನಿಂತಿತು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದಳು. ಅವಳು ಅಡುಗೆಮನೆಗೆ ಹೋಗುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಆವತ್ತು ತಾನೇ ಹೋಗಿ, ತಡಕಾಡಿ, ತಟ್ಟೆ ತೆಗೆದು, ಮುದ್ದೆ ಇಟ್ಟು, ಹುರುಳಿ ಸಾರು ಬಿಟ್ಟು ತಂದಳು. ಅರ್ಧ ಸಾರು ನೆಲಕ್ಕೆ ಚೆಲ್ಲಿತು. "ಉಣ್ಣು. ಮೊದಲು ಉಣ್ಣು," ಅಂದಳು. ವನಜಾಕ್ಷಿ ಉಂಡಳು. ಅವ್ವ ಎದುರಿಗೆ ಕೂತು, ಕಾಣದ ಕಣ್ಣಿನಲ್ಲಿ ಅವಳು ಉಣ್ಣುವುದನ್ನೇ ನೋಡುತ್ತಿದ್ದಳು. ಕೈ ತೊಳೆದು ಬಂದ ಮೇಲೆ ವನಜಾಕ್ಷಿ ನಿಂತುಕೊಂಡೇ ಕೇಳಿದಳು.

"ನೀವು ನಮ್ಮಪ್ಪನ ಅಕ್ಕ ಅಲ್ವಾ? ನಮ್ಮಪ್ಪ ಎಲ್ಲಿ? ಈ ಮನೇಲಿ ಇದಾರಾ?"

ಅವ್ವ ನನ್ನ ಕಡೆ ತಿರುಗಿದಳು. "ಪಾಲಾ, ಆ ಹಾಳೆ ತಗೊಂಡು ಬಾ."

ಟ್ರಂಕು ತೆಗೆದೆ. ಹಾಳೆ ಹಳದಿಯಾಗಿತ್ತು, ಮಡಿಕೆಯಲ್ಲಿ ಹರಿಯುವ ಹಾಗಿತ್ತು. ಹೊಸ್ತಿಲ ಹೊರಗೆ ಹೋಗಿ ನಿಂತೆ. ಸಾವಿರ ಸಲ ಆಡಿದ ಮಾತು. ನಾಲಿಗೆ ಏಳಲಿಲ್ಲ.

"ನೀನು ಬೇಡ," ಅಂದಳು ಅವ್ವ. "ನಿಮ್ಮಪ್ಪನ ಕೈಲೂ ಆಗಲಿಲ್ಲ. ಇವಳು ಹೇಳ್ಲಿ. ಇವಳು ಹೇಳಿದ್ರೆ ಕೇಳ್ತೀನಿ."

ಆವಾಗ ವನಜಾಕ್ಷಿಗೆ ಅರ್ಥವಾಯಿತು. ಬೆಳಗಿನಿಂದ ಅವಳ ಮುಖದಲ್ಲಿ ಇದ್ದದ್ದು ಇಳಿದು ಹೋಗುವುದನ್ನು ನೋಡಿದೆ. ಅವಳು ಅಳಲಿಲ್ಲ. ನನ್ನ ಪಕ್ಕಕ್ಕೆ ಬಂದು ನಿಂತು, "ಏನಂತ ಹೇಳ್ಬೇಕು?" ಅಂತ ಮೆಲ್ಲಗೆ ಕೇಳಿದಳು. ಹೇಳಿಕೊಟ್ಟೆ. ಎರಡು ಸಲ ಶುರುಮಾಡಿ ನಿಲ್ಲಿಸಿದಳು.

"ಮಲ್ಲೂರಯ್ಯ... ನಮ್ಮಪ್ಪ ತೀರ್ಕೊಂಡ್ರು."

"ಕೇಳಿದೆ," ಅಂದಳು ಅವ್ವ.

ಆಮೇಲೆ ಅವಳ ಮಾತು ಬಂತು. ಒಂದೇ ಮಾತು ಅನ್ನುವುದು ನಿಯಮ. ಅವ್ವ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸು ಅನ್ನಲಿಲ್ಲ, ಬರೆಯುತ್ತ ಹೋದೆ. "ಹೆಂಡ್ತಿ ಮಗೂನ ಕರ್ಕೊಂಡು ಬರ್ತೀನಿ ಅಕ್ಕ ಅಂತ ಕೇಳ್ದ. ಬೇಡ ಅಂದೆ. ಮೂರು ದಿನ ಕೇಳ್ದ, ಮೂರು ದಿನಾನೂ ಬೇಡ ಅಂದೆ. ಕೊನೇ ದಿನ ನಕ್ಕ. ನೀನು ಬಾಗಿಲು ಹಾಕ್ಕೊ, ನಾನು ಹೊರಗೆ ಗುಡಿಸ್ಲು ಹಾಕ್ಕೊಂತೀನಿ, ಮಗೂನ ನೋಡಿದ್ಮೇಲೆ ನೀನೇ ತೆಗೀತೀಯ ಅಂದ. ಕರ್ಕೊಂಡು ಬರಕ್ಕೆ ಅಂತ್ಲೇ ಹೊರಟ. ನಡು ಮಧ್ಯಾಹ್ನ. ಒಲೆ ಮೇಲೆ ಅನ್ನ ಇತ್ತು, ಉಂಡು ಹೋಗು ಅನ್ನಲಿಲ್ಲ. ನೀರು ಬೇಕಾ ಅಂತ ಕೇಳಲಿಲ್ಲ. ಮೂಲೆ ತಿರುಗೋವರ್ಗೂ ನೋಡ್ತಾ ಇದ್ದೆ, ಕರೀಲಿಲ್ಲ."

ವನಜಾಕ್ಷಿ ಕಂಬಕ್ಕೆ ಒರಗಿ ನಿಂತಿದ್ದಳು. "ಕರ್ಕೊಂಡು ಬರಕ್ಕೇ ಹೊರಟಿದ್ರಾ?" ಅಂದಳು.

"ನಿನ್ನ ಕರ್ಕೊಂಡು ಬರಕ್ಕೆ ಅಂತ್ಲೇ ಹೊರಟಿದ್ದ."

"ಒಂದು ಕಾಗದ ಹಾಕ್ಬಹುದಿತ್ತಲ್ಲ." ದನಿ ಏರಿಸಲಿಲ್ಲ. "ನಲವತ್ತಮೂರು ವರ್ಷ. ನಮ್ಮಮ್ಮ ಅವರನ್ನ ಬೈಕೊಂಡೇ ಹೋದ್ಲು. ಒಂದು ಕಾಗದ."

"ಹಾಕಿದ್ರೆ ಅವನು ಸತ್ತಿದಾನೆ ಅಂತ ನಾನು ಒಪ್ಕೊಂಡ ಹಾಗಾಗೋದು," ಅಂದಳು ಅವ್ವ. "ತಪ್ಪು ನನ್ನದು. ಇವಳದ್ದಲ್ಲ," ಅಂದಳು. ಇವಳು ಅಂದರೆ ನಾನು. ನನ್ನದೂ ಅನ್ನಬೇಕಾಗಿತ್ತು. ಆಗ ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು ವನಜಾಕ್ಷಿಗೆ ಹೇಳಿದೆ. ಅವಳು ತಲೆ ಆಡಿಸಿದಳು, ಅಷ್ಟೇ.

ಆವತ್ತು ಅವಳು ಎದ್ದು ಹೊರಗೆ ಹೋಗಿ, ಮನೆಗೆ ಬೆನ್ನು ಮಾಡಿ ಬೇವಿನ ಮರದ ಕೆಳಗೆ ಕೂತುಬಿಟ್ಟಳು. ನಾಲ್ಕು ಗಂಟೆಗೆ ಹೋಗಿ, ಈಗ ಹೊರಟರೆ ಬಸ್ಸು ಸಿಗುತ್ತದೆ ಅಂದೆ. ಹೂಂ ಅಂದಳು, ಏಳಲಿಲ್ಲ. ಐದು ಗಂಟೆಗೆ ದೂರದಲ್ಲಿ ಬಸ್ಸಿನ ಧೂಳು ಎದ್ದು ಇಳಿಯಿತು. ಅದನ್ನು ನೋಡುತ್ತ ಕೂತಿದ್ದಳು. ಬಿಸಿಲು ತಣ್ಣಗಾದ ಮೇಲೆ ಒಳಗೆ ಬಂದು, "ಅದರಲ್ಲಿ ಬರೆದಿರೋದು ಓದ್ತೀರಾ?" ಅಂದಳು.

ಓದಿದೆ. ಮುಗಿದ ಹಾಳೆಯನ್ನು ಮೊದಲ ಸಲ ಮಕ್ಕಳಿಗೇ ಓದಬೇಕು. ಅಪ್ಪನ ಸಣ್ಣ ಅಕ್ಷರ, ಐವತ್ತಾರು ಮನೆಯ ಮಾತು. ನಮ್ಮ ಕುರಿಮರಿ ಬಾವಿಗೆ ಬಿದ್ದಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು. ಸೀಟಿ ಹಾಕಲು ಬರುತ್ತಿರಲಿಲ್ಲ, ಆದರೂ ಹಾಕುತ್ತಿದ್ದ. ಚಾಪೆ ಹಾಸಿದರೂ ನೆಲದ ಮೇಲೇ ಕೂರುವನು. ಅವನಿಗೆ ಒಂದು ಸಲ ಸುಳ್ಳು ಹೇಳಿದ್ದೆ, ಅವನಿಗೆ ಗೊತ್ತಾಗಿತ್ತು, ಏನೂ ಅನ್ನಲಿಲ್ಲ. ಮೂವತ್ತೊಂದನೆಯ ಮನೆಯವರು ಹೇಳಿದ್ದು ಹೀಗಿತ್ತು: ಮಗಳಿಗೆ ವನಜಾಕ್ಷಿ ಅಂತ ಹೆಸರಿಟ್ಟಿದೀನಿ ಅಂತ ಬಂದು ಹೇಳಿ ಹೋದ, ಅಂಥ ಹೆಸರು ನಮ್ಮ ಕಡೆ ಯಾರಿಗೂ ಇಲ್ಲ ಅಂದರೆ ಅದಕ್ಕೇ ಇಟ್ಟಿದ್ದು ಅಂದ. ಅದನ್ನು ಓದಿದಾಗ ಅವಳು ಕೈ ಎತ್ತಿ ನಿಲ್ಲಿಸಿದಳು. ನಾನು ನಿಲ್ಲಿಸಿದೆ. ಅವ್ವ ಕೂತಲ್ಲಿಂದ ಕೈ ಚಾಚಿ ಅವಳ ಕಾಲು ಸಿಕ್ಕಿದ ಕಡೆ ಮುಟ್ಟಿಕೊಂಡು ಕೂತಳು. ಆಮೇಲೆ ಅವಳೇ, "ಮುಂದೆ ಓದಿ ಅತ್ತಿಗೆ," ಅಂದಳು. ಮೇಡಂ ಅನ್ನುವುದು ಅಲ್ಲಿಗೆ ಬಿಟ್ಟುಹೋಯಿತು.

ಮಾರನೆಯ ದಿನದಿಂದ ಜನ ಬರಲು ಶುರುಮಾಡಿದರು. ಹಾಳೆ ಮುಗಿದ ಮೇಲೆ ತಾನೇ ಸಮಾಧಾನ ಹೇಳುವುದು. ನಲವತ್ತಮೂರು ವರ್ಷ ಇಟ್ಟುಕೊಂಡಿದ್ದ ಮಾತನ್ನು ಹೊತ್ತುಕೊಂಡು ಬಂದರು. ಹಾಳೆಗೆ ಮಾತು ಹೇಳಿದ ಹಿರಿಯರು ತೀರಿಹೋಗಿದ್ದ ಮನೆಗಳಿಂದ ಮಕ್ಕಳು ಬಂದರು. ತೊಂಬತ್ತು ದಾಟಿದ ಕಾಟಯ್ಯಜ್ಜನನ್ನು ಮೊಮ್ಮಕ್ಕಳು ಟ್ರ್ಯಾಕ್ಟರಿನಲ್ಲಿ ಮಂಚದ ಸಮೇತ ತಂದರು. ಅವ್ವ ಎಲ್ಲರ ಕೈ ಹಿಡಿದು, "ನನ್ನ ತಮ್ಮ ಹೋದ ಕಣಪ್ಪ," ಅನ್ನುತ್ತಿದ್ದಳು, ನಿನ್ನೆ ನಡೆದ ಹಾಗೆ. ಅವಳು ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ವನಜಾಕ್ಷಿ ಪೇಟೆಗೆ ಹೋಗಿ ಅಂಗಡಿಗೆ ಬೀಗ ಹಾಕಿ, ನಾಲ್ಕು ಸೀರೆ ತಂದುಕೊಂಡಳು. ಬಂದವರಿಗೆಲ್ಲ ಅವ್ವ, "ಇವಳು ಮಲ್ಲೂರನ ಮಗಳು, ಇದು ಇವಳ ಮನೆ," ಅನ್ನುವಳು. ಬಂದವರು ಅವಳ ಪಕ್ಕದಲ್ಲಿ ಕೂತು, ಹಾಳೆಯಲ್ಲಿ ಹಿಡಿಸದೆ ಉಳಿದಿದ್ದನ್ನು ಹೇಳುವರು. ಒಬ್ಬ ಅಜ್ಜಿ ಅವನ ಹಾಗೆ ಸೀಟಿ ಹಾಕಿ ತೋರಿಸಲು ಹೋಗಿ ಬರೀ ಗಾಳಿ ಬಂದಾಗ ವನಜಾಕ್ಷಿ ನಕ್ಕುಬಿಟ್ಟಳು. ಮೊದಲು ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು, ಅಜ್ಜಿಯೂ ನಗುವುದನ್ನು ನೋಡಿ ಕೈ ತೆಗೆದಳು.

ಹನ್ನೊಂದು ದಿನ ಕಳೆಯಿತು. ಹಾಳೆಯ ನಕಲು ಬರೆದು, ಸೀಲು ಒತ್ತಿ ಕೊಟ್ಟೆ. ಅವಳು ಅದನ್ನು ಬ್ಯಾಗಿಗೆ ಇಟ್ಟುಕೊಂಡು ಹೊರಡುವ ಹಾಗೆ ನಿಂತವಳು, ಹೊರಡಲಿಲ್ಲ.

"ಅತ್ತಿಗೆ, ಒಂದು ಕೇಳ್ತೀನಿ. ಆಗಲ್ಲ ಅಂದ್ರೆ ಬೇಜಾರಿಲ್ಲ. ನಮ್ಮಮ್ಮ ಹೋದಾಗ ಮೂರೇ ಜನ ಇದ್ರು. ಯಾರಿಗೂ ಹೇಳಲಿಲ್ಲ, ಹೇಳೋಕೆ ಯಾರೂ ಇರಲಿಲ್ಲ. ಅವಳ ಸುದ್ದಿ ಈ ಮನೆಗಳಿಗೆ ಹೇಳ್ತೀರಾ?"

ನಮ್ಮ ತಾಲೂಕಿನ ಹೊರಗೆ ಸತ್ತವರ ಹೆಸರಿಗೆ ಹಾಳೆ ತೆಗೆದದ್ದಿಲ್ಲ. ಇಲ್ಲಿಗೆ ಕಾಲೇ ಇಡದವಳು. ಐವತ್ತೇಳು ಮನೆಯಲ್ಲಿ ಒಬ್ಬರೂ ಅವಳನ್ನು ಕಂಡವರಲ್ಲ. ಏನು ಮಾತು ಹೇಳಿಯಾರು? ಸಾಹೇಬರು ಕೇಳಿದರೆ ಏನಂತ ಹೇಳಲಿ? ಹೀಗೆಲ್ಲ ಯೋಚಿಸುತ್ತ ನಿಂತಿದ್ದೆ.

ಅವ್ವ ಒಳಗಿನಿಂದ, "ಪಾಲಾ, ಹೊಸ ಹಾಳೆ ತೆಗಿ," ಅಂದಳು. "ಈ ಸಲ ನಮ್ಮನೆ ಮೊದಲು."

"ನಮ್ಮನೆ ಯಾವತ್ತೂ ಕೊನೇಲಿ ಬರೋದು ಅವ್ವ."

"ಈ ಸಲ ಮೊದಲು ಅಂದೆ."

ಹಾಳೆಯ ಮೇಲೆ ಸುಗುಣ ಅಂತ ಬರೆದೆ. ವನಜಾಕ್ಷಿ ಹೊಸ್ತಿಲ ಹೊರಗೆ ನಿಂತು ಹೇಳಿದಳು, ಈ ಸಲ ಒಂದೇ ಸಲಕ್ಕೆ. ಅವ್ವ ಕೇಳಿದೆ ಅಂದಳು. ಕೈಯಲ್ಲಿದ್ದ ಕೋಲನ್ನು ನೆಲಕ್ಕಿಟ್ಟಳು.

"ಅವಳ ಮುಖ ನಾನು ನೋಡಲಿಲ್ಲ, ನೋಡಬೇಕಾಗಿತ್ತು ಅಂತ ಬರಿ."

ಬರೆದುಕೊಂಡೆ. ಚೀಲ ಹೆಗಲಿಗೆ ಹಾಕಿಕೊಂಡೆ. ವನಜಾಕ್ಷಿ ಬ್ಯಾಗನ್ನು ಜಗಲಿಯ ಮೇಲಿಟ್ಟು, ನೀರಿನ ಬಾಟಲಿ ಮಾತ್ರ ತೆಗೆದುಕೊಂಡು ನನ್ನ ಜೊತೆ ಹೊರಟಳು. ಬಿಸಿಲು ಇನ್ನೂ ಏರಿರಲಿಲ್ಲ. ಮುಂದಿನ ಮನೆಗೆ ಎರಡು ಮೈಲಿ.